ಗಗನಯಾನದ 20,193 ಕೋಟಿ ಆಸ್ಪತ್ರೆಗಳಿಗೆ ಹೋಗಬೇಕಿತ್ತೇ?

ಸರ್ಕಾರಿ ಆಸ್ಪತ್ರೆಗಳಲ್ಲಿ ಹಾಸಿಗೆ ಸಿಗದ ದೇಶವೊಂದು ಮೂವರನ್ನು ಮೂರು ದಿನ ಆಕಾಶದಲ್ಲಿ ಇರಿಸುವ ಗಗನಯಾನ ಯೋಜನೆಗೆ 20,000 ಕೋಟಿ ರೂಪಾಯಿ ಸುರಿಯುವುದು ಸರಿಯೇ ಎಂದು ಕೇಳಿದ್ದೀರಿ. ನಾನು ವಿಜ್ಞಾನಿಯಲ್ಲ, ಸರ್ಕಾರದ ಲೆಕ್ಕಪತ್ರಗಳ ನಡುವೆ ಮೂವತ್ತು ವರ್ಷ ಕಳೆದು ನಿವೃತ್ತನಾದವನು. ಹಾಗಾಗಿ ಹಣದ ಕಡೆಯಿಂದಲೇ ಉತ್ತರಿಸುತ್ತೇನೆ.

ಮೊದಲು ಆ ಮೊತ್ತವನ್ನೇ ಬಿಡಿಸಿ ನೋಡೋಣ. ಗಗನಯಾನದ ಘೋಷಣೆಯಾದದ್ದು 2018ರ ಆಗಸ್ಟ್ 15ರಂದು, ಕೆಂಪುಕೋಟೆಯಿಂದ. ಸಚಿವ ಸಂಪುಟ ಒಪ್ಪಿಗೆ ಕೊಟ್ಟದ್ದು ಅದೇ ಡಿಸೆಂಬರಿನಲ್ಲಿ. ಆಗಿನ ಮೊತ್ತ 9,023 ಕೋಟಿ. 2024ರ ಸೆಪ್ಟೆಂಬರ್ 18ರಂದು ಸಂಪುಟ ಅದಕ್ಕೆ 11,170 ಕೋಟಿ ಸೇರಿಸಿತು, ಒಟ್ಟು 20,193 ಕೋಟಿಯಾಯಿತು. ಆ ಮೂರು ದಿನದ ಪ್ರಯಾಣದ ಜೊತೆಗೆ ಭಾರತೀಯ ಅಂತರಿಕ್ಷ ನಿಲ್ದಾಣದ ಮೊದಲ ಘಟಕವೂ, 2028ರ ಡಿಸೆಂಬರಿನೊಳಗೆ ಮುಗಿಯಬೇಕಾದ ಎಂಟು ಹಾರಾಟಗಳೂ ಈ ಮೊತ್ತದಲ್ಲಿ ಸೇರಿವೆ. ಹತ್ತು ವರ್ಷಕ್ಕೆ ಹಂಚಿದರೆ ತಲೆಗೆ ವರ್ಷಕ್ಕೆ ಹದಿನಾಲ್ಕು ರೂಪಾಯಿ ಚಿಲ್ಲರೆ, ದರ್ಶಿನಿಯಲ್ಲಿ ಒಂದು ಕಾಫಿಯೂ ಬರುವುದು ಕಷ್ಟ ಎಂದು ವಾದಿಸುವವರಿದ್ದಾರೆ. ನಾನು ಆ ವಾದ ಹೂಡುವುದಿಲ್ಲ. 140 ಕೋಟಿಯಿಂದ ಭಾಗಿಸಿದರೆ ಎಂಥ ದುಂದುವೆಚ್ಚವೂ ಒಂದು ಲೋಟ ಕಾಫಿಯಾಗಿಬಿಡುತ್ತದೆ.

ಗಗನಯಾನಕ್ಕೆ ಕೊಡದೆ ಉಳಿಸಿದ ಹಣ ನೇರವಾಗಿ ಆಸ್ಪತ್ರೆಯ ಹಾಸಿಗೆಗೆ ಹೋಗುತ್ತದೆ ಎಂಬ ನಿಮ್ಮ ಊಹೆಯನ್ನು ನಾನು ಒಪ್ಪುವುದಿಲ್ಲ. 2025-26ರಲ್ಲಿ ಕೇಂದ್ರ ಬಜೆಟ್ಟಿನ ಒಟ್ಟು ಗಾತ್ರ 50.65 ಲಕ್ಷ ಕೋಟಿ, ಬಾಹ್ಯಾಕಾಶ ಇಲಾಖೆಯ ಪಾಲು 13,416 ಕೋಟಿ, ಅಂದರೆ ನೂರು ರೂಪಾಯಿಗೆ 26 ಪೈಸೆ. ಇನ್ನೊಂದು ಲೆಕ್ಕವನ್ನೂ ಇದರ ಪಕ್ಕದಲ್ಲಿ ಇಡಿ. ಮನೆ ಮನೆಗೆ ನಲ್ಲಿ ನೀರು ಕೊಡುವ ಜಲ ಜೀವನ್ ಮಿಷನ್‌ಗೆ 2024-25ರ ಬಜೆಟ್ಟಿನಲ್ಲಿ 70,163 ಕೋಟಿ ಇಟ್ಟು, ವರ್ಷದ ಕೊನೆಯಲ್ಲಿ ಪರಿಷ್ಕೃತ ಅಂದಾಜನ್ನು 22,694 ಕೋಟಿಗೆ ಇಳಿಸಲಾಯಿತು. ಒಂದೇ ಯೋಜನೆಯಲ್ಲಿ ಒಂದೇ ವರ್ಷ ಕಡಿತವಾದ ಈ ಹಣ ಗಗನಯಾನದ ಇಡೀ ಮೊತ್ತದ ಎರಡು ಪಟ್ಟಿಗಿಂತಲೂ ಹೆಚ್ಚು. ಬಡವರ ಯೋಜನೆಗಳು ಸೊರಗುವ ಕಾರಣವನ್ನು ಶ್ರೀಹರಿಕೋಟಾದಲ್ಲಿ ಹುಡುಕಿ ಪ್ರಯೋಜನವಿಲ್ಲ.

ಹಾಗೆಂದು ನನಗೆ ತಕರಾರಿಲ್ಲ ಎಂದಲ್ಲ. ನನ್ನ ತಕರಾರು ಬೇರೆ ಕಡೆ ಇದೆ. ಸಂಪುಟದ ಮಂಜೂರಾತಿ ಎಂದರೆ ಹಣ ಕೈಗೆ ಬಂತು ಎಂದಲ್ಲ. ಮಂಜೂರಾದ ಮೊತ್ತ ಒಂದು ಮೇಲ್ಮಿತಿ ಮಾತ್ರ. ಹಣ ಬರುವುದು ವರ್ಷ ವರ್ಷವೂ ಸಂಸತ್ತು ಒಪ್ಪುವ ಅನುದಾನದಲ್ಲಿ, ಅದೂ ಇಡೀ ಇಲಾಖೆಯ ಒಂದೇ ಗಂಟಿನಿಂದ. ಹವಾಮಾನದ ಉಪಗ್ರಹ, ದಾರಿ ತೋರುವ ನಾವಿಕ್ ಉಪಗ್ರಹಗಳು, ಚಂದ್ರಯಾನ, ಎಲ್ಲಕ್ಕೂ ಅದೇ ಗಂಟು. ಗಗನಯಾನದ ಮೊತ್ತ ಏರಿದ ಆ ಸೆಪ್ಟೆಂಬರ್ 18ರಂದೇ ಚಂದ್ರಯಾನ-4ಕ್ಕೆ 2,104 ಕೋಟಿ, ಶುಕ್ರಯಾನಕ್ಕೆ 1,236 ಕೋಟಿ, ಮುಂದಿನ ಪೀಳಿಗೆಯ ಉಡಾವಣಾ ವಾಹನಕ್ಕೆ 8,240 ಕೋಟಿ ಮಂಜೂರಾದವು. ನಾಲ್ಕೇ ತಿಂಗಳಿಗೆ ಶ್ರೀಹರಿಕೋಟಾದ ಮೂರನೇ ಉಡಾವಣಾ ವೇದಿಕೆಗೆ ಸುಮಾರು 3,985 ಕೋಟಿ. ಗಗನಯಾನಕ್ಕೆ ಸೇರಿಸಿದ 11,170 ಕೋಟಿಯೂ ಸೇರಿ ಎಲ್ಲ ಕೂಡಿದರೆ 26,700 ಕೋಟಿಯ ಆಸುಪಾಸು ಹೊಸ ಹೊಣೆ. ಇದಾದ ಮೇಲೆ ಬಂದ ಮೊದಲ ಬಜೆಟ್ಟಿನಲ್ಲಿ ಇಲಾಖೆಯ ಅನುದಾನ 13,042 ಕೋಟಿಯಿಂದ 13,416 ಕೋಟಿಗೆ ಏರಿತು. ಶೇಕಡಾ ಮೂರೂ ಇಲ್ಲ, ಹಿಂದಿನ ವರ್ಷದ ಬೆಲೆ ಏರಿಕೆಗೂ ಸಾಕಾಗದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ, ಇಲ್ಲಿ ಹಾಸಿಗೆಯನ್ನು ಹಾಗೇ ಇಟ್ಟು ಕಾಲುಗಳ ಸಂಖ್ಯೆಯನ್ನೇ ಹೆಚ್ಚಿಸಿದ್ದಾರೆ.

ಇಕ್ಕಟ್ಟಾದಾಗ ಏನಾಗುತ್ತದೆ ಎಂಬುದನ್ನು 2020-21ರಲ್ಲಿ ಕಂಡಿದ್ದೇವೆ. ಇಲಾಖೆಗೆ ಬಜೆಟ್ಟಿನಲ್ಲಿದ್ದ 13,479 ಕೋಟಿ ಕೋವಿಡ್ ವರ್ಷದ ಪರಿಷ್ಕೃತ ಅಂದಾಜಿನಲ್ಲಿ 9,500 ಕೋಟಿಯಾಯಿತು. ಸ್ವಾತಂತ್ರ್ಯದ 75ನೇ ವರ್ಷವಾದ 2022ಕ್ಕೆ ಭಾರತೀಯ ಗಗನಯಾತ್ರಿ ಹಾರಬೇಕೆಂಬ ಗಡುವು ತಪ್ಪಿ 2027ರತ್ತ ಸರಿದದ್ದಕ್ಕೆ ಹಣವೊಂದೇ ಕಾರಣ ಎಂದು ನಾನು ಹೇಳಲಾರೆ, ಏಕೆಂದರೆ ಕೆಲಸವೇ ಅಂಥದ್ದು. 2023ರ ಅಕ್ಟೋಬರ್ 21ರ ಬೆಳಿಗ್ಗೆ ನಡೆದ, ಟಿವಿ-ಡಿ1 ಎಂಬ ಹೆಸರಿನ ಗಗನಯಾನದ ಪರೀಕ್ಷಾ ಹಾರಾಟವನ್ನು ನಾನು ಟಿವಿಯಲ್ಲಿ ನೋಡುತ್ತ ಕುಳಿತಿದ್ದೆ. ಉಡಾವಣೆಯ ಇಳಿ ಎಣಿಕೆ ಐದು ಸೆಕೆಂಡಿಗೆ ಬಂದಾಗ ಕಂಪ್ಯೂಟರ್ ತಾನಾಗಿಯೇ ತಡೆಯಿತು. ದೋಷ ಹುಡುಕಿ ಸರಿಪಡಿಸಿ ಹತ್ತು ಗಂಟೆಗೆ ಹಾರಿಸಿದರು. ರಾಕೆಟ್ ಮೇಲೇರುವಾಗಲೇ ಗಗನಯಾತ್ರಿಗಳ ಕೋಶವನ್ನು ಅದರಿಂದ ಕಿತ್ತು ದೂರ ಒಯ್ದು, ಪ್ಯಾರಾಚೂಟ್ ಬಿಚ್ಚಿ ಬಂಗಾಳ ಕೊಲ್ಲಿಯಲ್ಲಿ ಇಳಿಸುವ ಆ ಪರೀಕ್ಷೆ ಒಂಬತ್ತು ನಿಮಿಷದಲ್ಲಿ ಮುಗಿಯಿತು. ಕಕ್ಷೆಗೆ ಏನೂ ಹೋಗಲಿಲ್ಲ, ಕೋಶದೊಳಗೆ ಯಾರೂ ಇರಲಿಲ್ಲ. ಗಗನಯಾನದ ಹಣ ಹೋಗುವುದು ಇಂಥ ಕಡೆಗೂ: ಎಲ್ಲವೂ ಕೆಟ್ಟರೂ ಮನುಷ್ಯ ಬದುಕಿ ಬರುವ ವ್ಯವಸ್ಥೆಗೂ. ಅನುದಾನ ಸಾಲದೆ ಬಂದಾಗ ಗಡುವನ್ನು ಮುಂದೂಡಿದರೆ ನನಗೆ ಬೇಸರವಿಲ್ಲ. ಗಡುವನ್ನು ಉಳಿಸಿಕೊಳ್ಳಲು ಇಂಥ ಒಂದು ಪರೀಕ್ಷೆಯನ್ನು ಕೈಬಿಟ್ಟರೆ ಮಾತ್ರ ಹೆದರುತ್ತೇನೆ. ಈವರೆಗೆ ಗಡುವೇ ಸರಿದಿದೆ, ಅದು ಒಳ್ಳೆಯ ಲಕ್ಷಣ.

ಇನ್ನು ನೀತಿಯ ಮಾತು. ನಮ್ಮ ಬಾಹ್ಯಾಕಾಶ ಕಾರ್ಯಕ್ರಮದ ಪಿತಾಮಹ ವಿಕ್ರಮ್ ಸಾರಾಭಾಯಿ ಅವರು ಮಾನವಸಹಿತ ಹಾರಾಟದಲ್ಲಿ ಶ್ರೀಮಂತ ದೇಶಗಳೊಡನೆ ಪೈಪೋಟಿಗಿಳಿಯುವ ಭ್ರಮೆ ನಮಗಿಲ್ಲ ಎಂದು ಸ್ಪಷ್ಟವಾಗಿ ಹೇಳಿದ್ದರು. ಆ ನಿಲುವನ್ನು ಬದಲಿಸುವ ಅಧಿಕಾರ ಸರ್ಕಾರಕ್ಕೆ ಖಂಡಿತ ಇದೆ. 2023ರ ಭಾರತೀಯ ಬಾಹ್ಯಾಕಾಶ ನೀತಿ ಅಂತರಿಕ್ಷದಲ್ಲಿ ಮನುಷ್ಯನ ನಿರಂತರ ಇರುವಿಕೆಗೆ ದೀರ್ಘಾವಧಿಯ ದಾರಿನಕ್ಷೆ ಬೇಕೆನ್ನುತ್ತದೆ. 2035ಕ್ಕೆ ನಿಲ್ದಾಣ, 2040ಕ್ಕೆ ಚಂದ್ರನ ಮೇಲೆ ಭಾರತೀಯ ಎಂಬ ಗುರಿಗಳೂ ಇವೆ. ಆದರೆ ಆ ಗುರಿಗಳಿಗೆ ವರ್ಷಕ್ಕೆ ಎಷ್ಟು, ಎಲ್ಲಿಂದ ಎಂಬ ಲೆಕ್ಕ ನನ್ನ ಕಣ್ಣಿಗೆ ಬಿದ್ದಿಲ್ಲ. ಅಮೆರಿಕ ಚಂದ್ರನ ಮೇಲೆ ಮನುಷ್ಯನನ್ನು ಇಳಿಸಲು ಹೊರಟ ಅಪೊಲೊ ಯೋಜನೆಯ ಕಾಲದಲ್ಲಿ, 1966ರ ಸುಮಾರಿಗೆ, ತನ್ನ ಬಜೆಟ್ಟಿನ ಶೇಕಡಾ ನಾಲ್ಕಕ್ಕೂ ಹೆಚ್ಚನ್ನು ನಾಸಾಗೆ ಕೊಟ್ಟು, ಗೆದ್ದ ಮೇಲೆ ಉಳಿದ ಹಾರಾಟಗಳನ್ನು ಕೈಬಿಟ್ಟಿತು; ಅಪೊಲೊ 18, 19, 20 ಹಾರಲೇ ಇಲ್ಲ. ನಮ್ಮ ಕ್ರಮ ಇನ್ನೂ ವಿಚಿತ್ರ, ನಾವು ಗೆಲ್ಲುವುದಕ್ಕೆ ಮೊದಲೇ ಕೈ ಬಿಗಿಹಿಡಿದಿದ್ದೇವೆ.

ಆದ್ದರಿಂದ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಖರ್ಚು ಸರಿ, ಅದನ್ನು ಒದಗಿಸುತ್ತಿರುವ ರೀತಿ ಸರಿಯಿಲ್ಲ. ಪರೀಕ್ಷಿಸಬೇಕೆಂದರೆ ಫೆಬ್ರವರಿ 1ರಂದು ಕೇಂದ್ರ ಬಜೆಟ್ಟಿನ ಜೊತೆ ಬರುವ ‘ವೆಚ್ಚ ಬಜೆಟ್’ ಎಂಬ ದಾಖಲೆಯಲ್ಲಿ ಬಾಹ್ಯಾಕಾಶ ಇಲಾಖೆಯ ಪುಟ ತೆರೆಯಿರಿ. ಗಗನಯಾನಕ್ಕೆ ಅಲ್ಲಿ ಪ್ರತ್ಯೇಕ ಸಾಲು ಸಿಗುವುದಿಲ್ಲ, ಅದರ ಹಣ ‘ಬಾಹ್ಯಾಕಾಶ ತಂತ್ರಜ್ಞಾನ’ ಎಂಬ ದೊಡ್ಡ ಶೀರ್ಷಿಕೆಯೊಳಗೆ ಬೆರೆತುಹೋಗಿರುತ್ತದೆ. ಆ ಸಾಲನ್ನು ಬೇರೆಯಾಗಿ ಮುದ್ರಿಸಿ ಎಂದು ನಿಮ್ಮ ಸಂಸದರಿಗೆ ಒಂದು ಪತ್ರ ಬರೆಯಿರಿ. ನಾನು ಬರೆದಿದ್ದೇನೆ, ಉತ್ತರ ಇನ್ನೂ ಬಂದಿಲ್ಲ.