ಹಾಡು ಉಳಿಯಿತು, ಧಾರಾವಾಹಿ ಏಕೆ ಉಳಿಯಲಿಲ್ಲ?

ಪ್ರಿಯ ಮೇಡಂ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಹನ್ನೆರಡನೇ ವಯಸ್ಸಿನಲ್ಲಿ ವಾರವಿಡೀ ಕಾದು ನೋಡುತ್ತಿದ್ದ ಧಾರಾವಾಹಿ ಮೊನ್ನೆ ನಿಮಗೆ ಫೋನಿನಲ್ಲಿ ಸಿಕ್ಕಿತು. ಆಸೆಯಿಂದ ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಂಡಿರಿ. ಶೀರ್ಷಿಕೆ ಗೀತೆ ಶುರುವಾದಾಗ ಗಂಟಲು ಕಟ್ಟಿತು. ಆದರೆ ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ಬೇಜಾರಾಯಿತು. ಮಗಳು ಎದ್ದು ಹೋದಳು, ನೀವೂ ನಿಲ್ಲಿಸಿಬಿಟ್ಟಿರಿ. "ನಾನು ಅಷ್ಟೊಂದು ಇಷ್ಟಪಟ್ಟಿದ್ದು ಇದನ್ನೇನಾ? ಇಷ್ಟು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆಲ್ಲ ಸುಳ್ಳಾ?" ಎಂದು ಕೇಳಿದ್ದೀರಿ.

ಸುಳ್ಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಪತ್ರದಲ್ಲಿ ನಿಜವಾದ ಸಂಕಟ ಇದೆ, ಅದನ್ನು ಕಾಯಿಸುವುದು ಸರಿಯಲ್ಲ.

ಉತ್ತರದ ಸುಳಿವು ನೀವು ಬರೆದದ್ದರಲ್ಲೇ ಇದೆ. ಹಾಡು ನಿಮ್ಮನ್ನು ಅಲುಗಾಡಿಸಿತು, ಧಾರಾವಾಹಿ ಅಲುಗಾಡಿಸಲಿಲ್ಲ. ಎರಡೂ ಒಂದೇ ಕಾಲದವು, ಒಂದೇ ಪೆಟ್ಟಿಗೆಯಿಂದ ಬಂದವು. ಆದರೂ ಹೀಗೇಕಾಯಿತು?

ಆ ಧಾರಾವಾಹಿಯನ್ನು ಮಾಡಿದ್ದೇ ವಾರಕ್ಕೊಮ್ಮೆ ನೋಡಲಿಕ್ಕೆ. ಹಿಂದಿನ ಕಂತು ತಪ್ಪಿಸಿಕೊಂಡವರಿಗೆ ಅದನ್ನು ಮತ್ತೆ ನೋಡುವ ದಾರಿಯೇ ಇರಲಿಲ್ಲ. ಅದಕ್ಕೇ ಪಾತ್ರಗಳು ನಡೆದದ್ದನ್ನೇ ಮತ್ತೆ ಮತ್ತೆ ಹೇಳಿಕೊಳ್ಳುತ್ತವೆ, ಯಾರು ಯಾರಿಗೆ ಏನಾಗಬೇಕು ಅನ್ನುವುದನ್ನು ನೆನಪಿಸುತ್ತವೆ. ಪರದೆ ಚಿಕ್ಕದು, ಚಿತ್ರವೂ ಅಷ್ಟು ಸ್ಪಷ್ಟವಲ್ಲ. ಹಾಗಾಗಿ ಕ್ಯಾಮೆರಾ ಮುಖದ ಹತ್ತಿರ ಹೋಗಿ ಅಲ್ಲೇ ನಿಲ್ಲುತ್ತದೆ. ಈಗ ಅದು ಎಳೆದಂತೆ ಕಾಣುತ್ತದೆ. ಆಗ ಅದು ಬೇಕಾಗಿತ್ತು.

ಇನ್ನೊಂದು ಮಾತು. ಪ್ರತಿ ಕಂತೂ ಯಾರದೋ ದಿಗಿಲುಬಿದ್ದ ಮುಖದ ಮೇಲೆ ನಿಲ್ಲುತ್ತಿತ್ತು, ಅಲ್ವಾ? ಅಲ್ಲಿಂದ ಮುಂದಿನ ಏಳು ದಿನ ಕಥೆ ನಿಮ್ಮೊಳಗೆ ನಡೆಯುತ್ತಿತ್ತು. ಗೆಳತಿಯರ ಜೊತೆ ವಾದ ಮಾಡಿದಿರಿ. ಬಾಗಿಲಾಚೆ ನಿಂತವರು ಯಾರು ಎಂದು ಮಲಗುವ ಮುಂಚೆ ಊಹೆ ಮಾಡಿದಿರಿ. ಯಾವ ಕಥೆಗಾರನೂ ಬರೆಯದ ಎಷ್ಟೋ ದೃಶ್ಯಗಳನ್ನು ನೀವೇ ಕಟ್ಟಿಕೊಂಡಿರಿ. ಧಾರಾವಾಹಿಯ ಅರ್ಧ ಭಾಗ ಆ ಏಳು ದಿನಗಳಲ್ಲಿತ್ತು. ಫೋನಿನಲ್ಲಿ ಸಿಕ್ಕಿದ್ದು ಉಳಿದರ್ಧ ಮಾತ್ರ. ಇನ್ನರ್ಧವನ್ನು ಯಾರೂ ಚಿತ್ರೀಕರಿಸಿಲ್ಲ.

ಹಾಡಿನ ಕಥೆಯೇ ಬೇರೆ. ಒಂದು ಕಂತನ್ನು ಒಮ್ಮೆ ನೋಡಿದಿರಿ, ಶೀರ್ಷಿಕೆ ಗೀತೆಯನ್ನು ಪ್ರತಿ ವಾರ ಕೇಳಿದಿರಿ. ವರ್ಷಕ್ಕೆ 52 ಸಲ. ಮತ್ತೆ ಮತ್ತೆ ಎದುರಾದದ್ದು ಮನಸ್ಸಿಗೆ ಹಿಡಿಸುತ್ತಾ ಹೋಗುತ್ತದೆ ಎಂದು ರಾಬರ್ಟ್ ಝಯಾಂಟ್ಸ್ ಎಂಬ ಮನೋವಿಜ್ಞಾನಿ 1968ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದರು. ಅದರ ಜೊತೆಗೆ ವಯಸ್ಸು ಸೇರಿಕೊಳ್ಳುತ್ತದೆ. ಸುಮಾರು 10ರಿಂದ 30ರ ನಡುವಿನ ನೆನಪುಗಳು ಬೇರೆಲ್ಲ ವಯಸ್ಸಿನವುಗಳಿಗಿಂತ ಜಾಸ್ತಿ ಉಳಿಯುತ್ತವೆ. ಮೊದಲ ಸಲ ನಡೆಯುವುದೆಲ್ಲ ಆಗಲೇ ನಡೆಯುತ್ತದೆ. ನಾನು ಯಾರು ಅನ್ನುವುದು ಗಟ್ಟಿಯಾಗುವುದೂ ಆಗಲೇ.

2009ರಲ್ಲಿ ಪೀಟರ್ ಜನಾಟಾ ಎಂಬ ಸಂಶೋಧಕರು ವಿದ್ಯಾರ್ಥಿಗಳಿಗೆ ಅವರ ಬಾಲ್ಯ ಮತ್ತು ಹರೆಯದ ಕಾಲದ ಹಾಡುಗಳನ್ನು ಕೇಳಿಸಿ, ಮಿದುಳಿನ ಸ್ಕ್ಯಾನ್ ಮಾಡಿದರು. ಹಾಡಿನಿಂದ ಹಳೆಯ ನೆನಪು ಎದ್ದಾಗ ಹಣೆಯ ಹಿಂದಿನ ಒಂದು ಭಾಗ ಚುರುಕಾಗುತ್ತಿತ್ತು. ನಮ್ಮ ಬಗ್ಗೆ ನಾವೇ ಯೋಚಿಸುವಾಗ ಕೆಲಸ ಮಾಡುವುದೂ ಅದೇ ಭಾಗ. ಅಂದರೆ ಹಾಡು ಒಂದೇ ಬರುವುದಿಲ್ಲ, ಹನ್ನೆರಡು ವರ್ಷದ ನಿಮ್ಮನ್ನೂ ಕೈಹಿಡಿದು ಕರೆತರುತ್ತದೆ. ಗಂಟಲು ಕಟ್ಟದೆ ಇನ್ನೇನಾಗುತ್ತದೆ?

ನನ್ನ ಬಳಿ ಒಂದು ಕ್ಯಾಸೆಟ್ ಇದೆ. ಟಿವಿಯ ಮುಂದೆ ಟೇಪ್ ರೆಕಾರ್ಡರ್ ಹಿಡಿದು, ಪ್ಲೇ ಮತ್ತು ರೆಕಾರ್ಡ್ ಎರಡೂ ಗುಂಡಿಗಳನ್ನು ಒಟ್ಟಿಗೆ ಒತ್ತಿ ತುಂಬಿಕೊಂಡ ಹಾಡುಗಳು. "ಯಾರೂ ಸದ್ದು ಮಾಡಬೇಡಿ" ಎಂದು ಮನೆಯವರಿಗೆಲ್ಲ ಹೇಳಿಟ್ಟಿದ್ದೆ. ಒಂದು ಹಾಡಿನ ಎರಡನೇ ಚರಣ ಮುಗಿದು ಕೊಳಲು ಬರುವ ಜಾಗದಲ್ಲಿ ಅಪ್ಪ ಕೆಮ್ಮಿದರು. ಕೆಮ್ಮನ್ನು ತಡೆಯಲು ನೋಡಿದ್ದೂ ಅದರಲ್ಲಿ ಕೇಳಿಸುತ್ತದೆ. ಅವತ್ತು ಅವರ ಮೇಲೆ ಸಿಟ್ಟು ಮಾಡಿಕೊಂಡಿದ್ದೆ. ಆ ಹಾಡು ಈಗ ಎಲ್ಲಿ ಬೇಕಾದರೂ ಸಿಗುತ್ತದೆ, ಬಹಳ ಸ್ವಚ್ಛವಾಗಿ. ಆದರೆ ಕೊಳಲು ಬರುವ ಹೊತ್ತಿಗೆ ನನ್ನ ಕಿವಿ ಆ ಕೆಮ್ಮಿಗೆ ಕಾಯುತ್ತದೆ. ಅದು ಬರುವುದಿಲ್ಲ. ಅಪ್ಪ ಹೋಗಿ ಬಹಳ ವರ್ಷವಾಯಿತು.

ಇಂಥ ಹಂಬಲವನ್ನು ಒಂದು ಕಾಲದಲ್ಲಿ ಕಾಯಿಲೆ ಎಂದೇ ಕರೆದಿದ್ದರು. 'ನಾಸ್ಟಾಲ್ಜಿಯಾ' ಎಂಬ ಪದವನ್ನು ಕಟ್ಟಿದ್ದು ಯೊಹಾನೆಸ್ ಹೋಫರ್ ಎಂಬ ವೈದ್ಯಕೀಯ ವಿದ್ಯಾರ್ಥಿ, 1688ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ. ಮನೆಗೆ ಮರಳುವುದು, ನೋವು ಎಂಬ ಅರ್ಥದ ಎರಡು ಗ್ರೀಕ್ ಪದಗಳನ್ನು ಸೇರಿಸಿದ. ಊರು ಬಿಟ್ಟು ದೂರ ಹೋದವರು ಕೊರಗುವುದನ್ನು ನೋಡಿ ಇಟ್ಟ ಹೆಸರು ಅದು. ಹಸು ಕಾಯುವವರ ರಾಗ ಕಿವಿಗೆ ಬಿದ್ದರೆ ಸ್ವಿಸ್ ಸೈನಿಕರಲ್ಲಿ ಈ ಕಾಯಿಲೆ ಕೆರಳುತ್ತದೆ ಎಂದು ಆಮೇಲಿನವರು ಬರೆದರು. ನೋಡಿ, ಆಗಲೂ ಕೆರಳಿಸಿದ್ದು ಹಾಡೇ.

ನಿಮ್ಮ ಒಂದು ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. "ಈಗಿನ ಹಾಡುಗಳಲ್ಲಿ ಜೀವವಿಲ್ಲ" ಎಂದಿದ್ದೀರಿ. ಆಗಲೂ ಜೀವವಿಲ್ಲದ ಹಾಡುಗಳು ರಾಶಿ ರಾಶಿ ಬಂದವು. ಅವನ್ನು ಮರೆತಿದ್ದೇವೆ, ಅಷ್ಟೇ. ಸೋಸಿ ಉಳಿದದ್ದನ್ನು ಇನ್ನೂ ಸೋಸದೇ ಇರುವುದರ ಜೊತೆ ತೂಗಿದರೆ ಈಗಿನದು ಯಾವಾಗಲೂ ಸೋಲುತ್ತದೆ. ನಿಮ್ಮ ಮಗಳಿಗೆ ಈಗ ಹದಿಮೂರು. ಅವಳ ಕಿವಿಯಲ್ಲಿರುವ ಹಾಡುಗಳು ಅವಳೊಳಗೆ ಜಾಗ ಹಿಡಿಯುತ್ತಿರುವುದು ಈಗಲೇ. ಅದನ್ನು ಅವಳೆದುರು ಹೀಗಳೆಯಬೇಡಿ, ಇದು ನನ್ನ ಕೋರಿಕೆ.

ಎರಡು ದಿನದ ಮೇಲೆ ಅವಳು ಆ ಶೀರ್ಷಿಕೆ ಗೀತೆಯನ್ನೇ ಗುನುಗುತ್ತಿದ್ದಳು ಎಂದು ಪತ್ರದ ಅಂಚಿನಲ್ಲಿ ಸಣ್ಣದಾಗಿ ಬರೆದಿದ್ದೀರಲ್ಲ, ನನಗೆ ತುಂಬಾ ಖುಷಿ ಕೊಟ್ಟ ಸಾಲು ಅದು. ಕ್ಯಾರೊಲ್ ಕ್ರುಮ್‌ಹಾನ್ಸ್ಲ್ ಮತ್ತು ಜಸ್ಟಿನ್ ಜುಪ್ನಿಕ್ ಎಂಬ ಸಂಶೋಧಕರು 2013ರಲ್ಲಿ ಇಪ್ಪತ್ತರ ಆಸುಪಾಸಿನವರನ್ನು ಪರೀಕ್ಷಿಸಿದಾಗ, ತಂದೆತಾಯಿ ಹರೆಯದಲ್ಲಿದ್ದ ಕಾಲದ ಹಾಡುಗಳೂ ಅವರಿಗೆ ವಿಶೇಷವಾಗಿ ಹತ್ತಿರವಾಗಿದ್ದವು. ಅಂದರೆ, ಅಪ್ಪ ಅಮ್ಮನಿಗೆ ಇಷ್ಟವಾದ ಹಾಡು ಮನೆಯೊಳಗೇ ಮಕ್ಕಳಿಗೂ ಅಂಟಿಕೊಳ್ಳುತ್ತದೆ. ಧಾರಾವಾಹಿ ನೋಡು ಎಂದು ಒತ್ತಾಯ ಮಾಡಬೇಡಿ. ಹಾಡು ಹಾಕಿಡಿ, ಸಾಕು.

ಇನ್ನು ಕಪಾಟಿನ ಮೇಲಿನ ಕ್ಯಾಸೆಟ್ ಪೆಟ್ಟಿಗೆಯ ವಿಷಯ. ಎಸೆಯಲಾ ಎಂದು ಕೇಳಿದ್ದೀರಿ. ದಯವಿಟ್ಟು ಎಸೆಯಬೇಡಿ. ಟೇಪಿನ ಅಗಲ ನಾಲ್ಕು ಮಿಲಿಮೀಟರೂ ಇಲ್ಲ. ಅದರ ಮೇಲೆ ಅಂಟಿಸಿದ ಕಾಂತೀಯ ಪುಡಿಯಲ್ಲೇ ಸದ್ದು ಇರುವುದು. ತೇವ, ಬಿಸಿಲು, ಸ್ಪೀಕರಿನ ಆಯಸ್ಕಾಂತ ಮೂರೂ ಅದಕ್ಕೆ ಆಗುವುದಿಲ್ಲ. ಬಿಳಿ ಬೂಸ್ಟು ಕಂಡರೆ ಪ್ಲೇಯರಿಗೆ ಹಾಕಬೇಡಿ, ಬಲ್ಲವರ ಕೈಗೆ ಕೊಡಿ. ಚೆನ್ನಾಗಿರುವುದನ್ನು ಪೆನ್ಸಿಲ್ ತೂರಿಸಿ ನಿಧಾನವಾಗಿ ತಿರುಗಿಸಿ ನೋಡಿ, ಸಡಿಲವಾದ ಸುರುಳಿ ಬಿಗಿಯಾಗುತ್ತದೆ. ಮೇಲಂಚಿನ ಎರಡು ಪುಟ್ಟ ಪ್ಲಾಸ್ಟಿಕ್ ತುಂಡುಗಳನ್ನು ಮುರಿದುಬಿಡಿ, ಆಗ ಕೈತಪ್ಪಿ ಅದರ ಮೇಲೆ ಬೇರೆ ರೆಕಾರ್ಡ್ ಆಗುವುದಿಲ್ಲ. ಆಮೇಲೆ ಕಂಪ್ಯೂಟರಿಗೆ ನಕಲು ಮಾಡಿಸಿ.

ಮಾಡಿಕೊಡುವವರು "ಹಿನ್ನೆಲೆ ಸದ್ದೆಲ್ಲ ತೆಗೆದು ಶುದ್ಧ ಮಾಡಿಕೊಡ್ತೀವಿ" ಅನ್ನುತ್ತಾರೆ. ಬೇಡ ಎಂದು ಹೇಳಿ. ನಿಮ್ಮ ಮನೆಯಲ್ಲೂ ಅವತ್ತು ಯಾರಾದರೂ ಕೆಮ್ಮಿರಬಹುದು.

ಪ್ರೀತಿಯಿಂದ,
ಸಂಪಾದಕ