ಹೊಸ ಸ್ಕೋಪ್ ಕೂರಿಸಿದ ಮೇಲೆ ಬೇಟೆ ರೈಫಲ್‌ನ ಗುಂಡು ಗುರಿಯ ಪಕ್ಕಕ್ಕೆ ಬೀಳುತ್ತಿದ್ದರೆ ಏನು ಮಾಡಬೇಕು?

ಟರೆಟ್ (ಗುರಿ ಸರಿಹೊಂದಿಸಲು ಸ್ಕೋಪ್ ಮೇಲಿರುವ, ಕ್ಲಿಕ್ ಕ್ಲಿಕ್ ಎಂದು ತಿರುಗುವ ಗುಬುಟು) ತಿರುಗಿಸುವುದಕ್ಕೆ ಮೊದಲು ಸ್ಕೋಪ್ ಸರಿಯಾಗಿ ಕೂತಿದೆಯಾ ನೋಡಿ. ಚೇಂಬರ್ ಖಾಲಿ ಇರುವುದನ್ನು ಖಚಿತ ಮಾಡಿಕೊಂಡು, ಸ್ಕೋಪನ್ನು ರೈಫಲ್‌ಗೆ ಹಿಡಿದಿಡುವ ಬೇಸ್ ಮತ್ತು ರಿಂಗ್‌ಗಳ ಸ್ಕ್ರೂ ಪರೀಕ್ಷಿಸಿ. ತಯಾರಕರು ಹೇಳಿದಷ್ಟೇ ಬಿಗಿ ಸಾಕು. ಜಾಸ್ತಿ ಬಿಗಿದರೆ ಟ್ಯೂಬ್ ನಜ್ಜಾಗುತ್ತದೆ.

ಆಮೇಲೆ ಸ್ಕೋಪ್‌ನಿಂದ ಕಣ್ಣಿಗಿರುವ ದೂರ. ಜೂಮ್ ಪೂರ್ತಿ ಏರಿಸಿ, ಕಣ್ಣು ಮುಚ್ಚಿ ರೈಫಲ್ ಭುಜಕ್ಕಿಡಿ. ಕಣ್ಣು ತೆರೆದ ಕೂಡಲೇ ಅಂಚಲ್ಲಿ ಕಪ್ಪು ನೆರಳಿಲ್ಲದೆ ಪೂರ್ತಿ ವೃತ್ತ ಕಾಣಬೇಕು. ಇದನ್ನು ಉದಾಸೀನ ಮಾಡಿದರೆ ರೀಕಾಯಿಲ್‌ಗೆ (ಗುಂಡು ಹಾರಿದಾಗ ರೈಫಲ್ ಹಿಂದಕ್ಕೆ ಒದೆಯುವುದಕ್ಕೆ) ಸ್ಕೋಪ್ ಹುಬ್ಬಿಗೆ ಬಡಿಯುತ್ತದೆ, ದಯವಿಟ್ಟು ನಿರ್ಲಕ್ಷಿಸಬೇಡಿ.

ಈಗ ಜೀರೋ ಮಾಡುವುದು, ಅಂದರೆ ಸ್ಕೋಪ್ ತೋರಿಸಿದಲ್ಲೇ ಗುಂಡು ಬೀಳುವಂತೆ ಹೊಂದಿಸುವುದು. ಹಿಂದೆ ಮಣ್ಣಿನ ದಿಬ್ಬವಿರುವ ಶೂಟಿಂಗ್ ರೇಂಜ್‌ನಲ್ಲಿ, ರೈಫಲ್ ಗಟ್ಟಿಯಾಗಿ ಆನಿಸಿಟ್ಟು, ಮೊದಲು 25 ಮೀಟರ್‌ನಲ್ಲಿ ಶುರು ಮಾಡಿ. ಗುಂಡು ಕಾಗದದ ಮಧ್ಯದ ಹತ್ತಿರ ಬಂದ ಮೇಲೆ 100 ಮೀಟರ್‌ಗೆ ಹೋಗಿ. ಒಂದೇ ಗುಂಡು ನೋಡಿ ಟರೆಟ್ ತಿರುಗಿಸಬೇಡಿ. ಮೂರು ಹೊಡೆದು, ಆ ಮೂರರ ನಡುವಿನ ಬಿಂದುವಿನಿಂದ ಅಳೆಯಿರಿ.

ನಿಮ್ಮದು ಒಂದು ಕ್ಲಿಕ್‌ಗೆ ಕಾಲು ಎಂಒಎ (ಎಂಒಎ ಅಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ) ಸರಿಸುವ ಸ್ಕೋಪ್ ಆದರೆ 100 ಮೀಟರ್‌ನಲ್ಲಿ ಒಂದು ಕ್ಲಿಕ್‌ಗೆ ಗುಂಡು ಸುಮಾರು 7 ಮಿಲಿಮೀಟರ್ ಸರಿಯುತ್ತದೆ. ಮೂರು ಗುಂಡುಗಳ ಗುಂಪು 7 ಸೆಂಟಿಮೀಟರ್ ಎಡಕ್ಕಿದೆ ಅಂದುಕೊಳ್ಳಿ, ಬಲಕ್ಕೆ ಸುಮಾರು 10 ಕ್ಲಿಕ್. 25 ಮೀಟರ್‌ನಲ್ಲಿ ಅಷ್ಟೇ ಸರಿಸಲು ನಾಲ್ಕು ಪಟ್ಟು ಕ್ಲಿಕ್ ಬೇಕು, ಹೆಚ್ಚಿನವರು ಎಡವುವುದು ಇಲ್ಲೇ. ಸಾಮಾನ್ಯವಾಗಿ ಟರೆಟ್ ಮೇಲಿನ ಬಾಣ ತೋರಿಸುವುದು ಗುಂಡು ಸರಿಯುವ ದಿಕ್ಕನ್ನು.

ಬ್ಯಾರಲ್ ಆರಲು ಬಿಡುತ್ತಾ ಹೊಡೆಯಿರಿ. ಬೇಟೆಗೆ ಬಳಸುವ ಕಾರ್ಟ್ರಿಜ್‌ನಲ್ಲೇ ಜೀರೋ ಮಾಡಿ. ಬೇರೆ ತೂಕದ ಗುಂಡು ಹಾಕಿದರೆ ಮತ್ತೆ ಪರೀಕ್ಷಿಸಲೇಬೇಕು.