ಓದುಗರು ತಿದ್ದಿದ ಕವಿತೆ ಯಾರದು?

ನೀವು ಕೇಳಿದ್ದು ಇಷ್ಟು: ಫೇಸ್‌ಬುಕ್ಕಿನ ಕವನ ಗುಂಪಿನಲ್ಲಿ ನಿಮ್ಮದೊಂದು ಕವಿತೆ ಹಾಕಿದಿರಿ. ಓದುಗರೊಬ್ಬರು ಕೊನೆಯ ಸಾಲಿಗೆ ಬೇರೆ ಸಾಲು ಬರೆದುಕೊಟ್ಟರು. ಚೆನ್ನಾಗಿತ್ತು, ಹಾಗೇ ತಗೊಂಡಿರಿ. ಈಗ ಅವರು "ಇದು ನಮ್ಮಿಬ್ಬರ ಕವಿತೆ" ಅಂತಿದ್ದಾರೆ. ಹೌದಾ?

ಇಲ್ಲ, ಕವಿತೆ ನಿಮ್ಮದೇ. ಆದರೆ ಆ ಸಾಲು ಅವರದು ಅಂತ ನೀವು ಎಲ್ಲರೆದುರು ಹೇಳಲೇಬೇಕು. ನೀವು ಅದನ್ನು ಹೇಳಿಲ್ಲ, ಜಗಳ ಶುರುವಾಗಿದ್ದೇ ಅಲ್ಲಿಂದ ಅನ್ನೋದು ನನ್ನ ಅನುಮಾನ.

ನಾನೂ ಇಂಥದ್ದೊಂದು ವಾಟ್ಸಾಪ್ ಗುಂಪಿನಲ್ಲಿದ್ದೇನೆ. ಬರೆಯುವುದು ಕಡಿಮೆ, ಬೇರೆಯವರದ್ದನ್ನು ಓದಿ ಮೂಗು ತೂರಿಸುವುದೇ ಜಾಸ್ತಿ. ಅಲ್ಲಿ ತಿದ್ದುಪಡಿ ಹೇಗೆ ನಡೆಯುತ್ತದೆ ಅಂತ ತೋರಿಸಲು ಸುಮ್ನೆ ಎರಡು ಸಾಲು ಕಟ್ಟುತ್ತೇನೆ:

ಮಳೆ ನಿಂತ ಅಂಗಳದಲ್ಲಿ
ಅಮ್ಮನ ನೆನಪು ಹನಿ ಹನಿ

ಒಬ್ಬರು ಬಂದು "ನೆನಪು ಗಿನಪು ಬೇಡ, ಅಮ್ಮನದು ಅಂತ ಒಂದು ವಸ್ತು ಕಣ್ಣಿಗೆ ಬೀಳಲಿ" ಅನ್ನುತ್ತಾರೆ. ಬರೆದವರು ಯೋಚಿಸಿ "ಅಮ್ಮನ ಚಪ್ಪಲಿ" ಅಂತ ಮಾಡುತ್ತಾರೆ. ಇನ್ನೊಬ್ಬರು "ಹನಿ ಹನಿ ತೆಗೀರಿ, ‘ಇನ್ನೂ ಒದ್ದೆ’ ಅಂತ ಹಾಕಿ" ಅನ್ನುತ್ತಾರೆ.

ಮಳೆ ನಿಂತ ಅಂಗಳದಲ್ಲಿ
ಅಮ್ಮನ ಚಪ್ಪಲಿ ಇನ್ನೂ ಒದ್ದೆ

ಈಗ ಹೇಳಿ, ಯಾರ ಪಾಲು ದೊಡ್ಡದು? ನನ್ನ ಪ್ರಕಾರ ಮೊದಲನೆಯವರದು. ಕವಿತೆ ತಿರುಗಿದ್ದೇ ಅವರ ಮಾತಿಗೆ. ಆದರೆ ಅವರ ಒಂದು ಪದವೂ ಇದರಲ್ಲಿಲ್ಲ. ಎರಡನೆಯವರ ಎರಡು ಪದ ಹಾಗೇ ಕೂತಿವೆ. ಪದ ಎಣಿಸಿ ಪಾಲು ಕೊಡಲು ಹೊರಟರೆ ಮೊದಲನೆಯವರಿಗೆ ಸೊನ್ನೆ. ಅದಕ್ಕೇ ಈ ಲೆಕ್ಕ ನನಗೆ ಸರಿ ಕಾಣುವುದಿಲ್ಲ. ಇಬ್ಬರ ಮಾತನ್ನೂ ಕೇಳಿ, ತೂಗಿ, ಯಾವುದನ್ನು ಬಿಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು ಅಂತ ತೀರ್ಮಾನಿಸಿದವರು ಒಬ್ಬರೇ ಅಲ್ವಾ? ಕವಿ ಅವರೇ.

ಕಾನೂನು ಇದನ್ನು ಬೇರೆ ಕಡೆಯಿಂದ ನೋಡುತ್ತದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಬರೀ ಐಡಿಯಾಗೆ ರಕ್ಷಣೆ ಇಲ್ಲ, ಅದನ್ನು ಬರೆದ ರೀತಿಗೆ ಇದೆ. ಜಂಟಿ ಕೃತಿ ಅನ್ನಬೇಕಾದರೆ ಇಬ್ಬರೂ ಸೇರಿ ಕೆಲಸ ಮಾಡಿರಬೇಕು, ಯಾರದು ಯಾವ ಭಾಗ ಅಂತ ಬಿಡಿಸಿ ಹೇಳಲು ಆಗಬಾರದು. ನಿಮ್ಮ ವಿಷಯದಲ್ಲಿ ಅವರ ಸಾಲು ಯಾವುದು ಅಂತ ಬೆರಳಿಟ್ಟು ತೋರಿಸಬಹುದು. ಹಾಗಾಗಿ "ನಮ್ಮಿಬ್ಬರದು" ಅನ್ನುವ ವಾದ ನಿಲ್ಲುವುದು ಕಷ್ಟ ಅನ್ನಿಸುತ್ತದೆ. ನಾನು ವಕೀಲನಲ್ಲ. ಒಂದು ಸಾಲಿಗಾಗಿ ಕೋರ್ಟಿನ ಮೆಟ್ಟಿಲು ಹತ್ತುವವರೂ ಇರಲಿಕ್ಕಿಲ್ಲ ಬಿಡಿ.

ನನಗೆ ಇದಕ್ಕಿಂತ ಕುತೂಹಲ ಇರುವುದು ಅವಧಾನದಲ್ಲಿ, ಅಂದರೆ ಸಭೆಯಲ್ಲಿ ಕೇಳಿದ ಸವಾಲುಗಳಿಗೆ ಅಲ್ಲೇ ಪದ್ಯ ಕಟ್ಟುವ ಕಲೆಯಲ್ಲಿ. ಸಮಸ್ಯಾಪೂರಣ ನೋಡಿದ್ದೀರಲ್ಲ? ಪೃಚ್ಛಕರು, ಅಂದರೆ ಸವಾಲು ಹಾಕುವವರು, ಪದ್ಯದ ಕೊನೆಯ ಸಾಲು ಕೊಡುತ್ತಾರೆ, ಅದೂ ಅರ್ಥವೇ ಇಲ್ಲದಂತೆ ಕಾಣುವ ಸಾಲು. ಅವಧಾನಿ ಮೇಲಿನ ಸಾಲುಗಳನ್ನು ಕಟ್ಟಿ ಅದಕ್ಕೆ ಅರ್ಥ ಬರಿಸುತ್ತಾರೆ. ನಿಮ್ಮ ಹಾಗೇ, ಕೊನೆಯ ಸಾಲು ಬೇರೆಯವರದು! ಆದರೂ ಪದ್ಯ ನನ್ನದು ಅಂತ ಪೃಚ್ಛಕರು ತಗಾದೆ ತೆಗೆಯುವುದಿಲ್ಲ. ಯಾಕೆಂದರೆ ಆ ಸಾಲು ಕೊಟ್ಟವರು ಯಾರು ಅಂತ ಇಡೀ ಸಭೆಗೆ ಗೊತ್ತು. ಅವರ ಜಾಣತನಕ್ಕೆ ಚಪ್ಪಾಳೆ ಅಲ್ಲೇ ಬಿದ್ದಿರುತ್ತದೆ. ಜಪಾನಿನ ರೆಂಗಾದಲ್ಲೂ ಹೀಗೇ. ಹಲವರು ಕೂತು ಒಬ್ಬರ ಸಾಲಿಗೆ ಇನ್ನೊಬ್ಬರು ಸಾಲು ಸೇರಿಸುತ್ತಾ ಹೋಗುತ್ತಾರೆ. ಹಾಯಿಕು ಕವಿ ಬಾಶೋ ಅದರಲ್ಲಿ ದೊಡ್ಡ ಗುರು. ಯಾರ ಸಾಲು ಯಾವುದು ಅಂತ ಅಲ್ಲಿ ಬರೆದಿಡುತ್ತಿದ್ದರು.

ಛಂದಸ್ಸಿನಲ್ಲಿ ಬರೆಯುವವರ ಗುಂಪುಗಳಲ್ಲಿ ಜಗಳ ಕಡಿಮೆ, ಗಮನಿಸಿ. ಕಂದಪದ್ಯದಲ್ಲಿ ಮೊದಲ ಸಾಲಿಗೆ 12 ಮಾತ್ರೆ, ಎರಡನೆಯದಕ್ಕೆ 20. "ಎರಡನೇ ಸಾಲಲ್ಲಿ ಒಂದು ಮಾತ್ರೆ ಜಾಸ್ತಿಯಾಗಿದೆ, ಪ್ರಾಸವೂ ತಪ್ಪಿದೆ" ಅಂದರೆ ಎಣಿಸಿ ನೋಡಬಹುದು. ತಪ್ಪಿದ್ದರೆ ತಿದ್ದಿಕೊಂಡು ನಮಸ್ಕಾರ ಹೇಳಿದರೆ ಮುಗಿಯಿತು. ನವ್ಯದ ಶೈಲಿಯಲ್ಲಿ, ಛಂದಸ್ಸಿನ ಹಂಗಿಲ್ಲದೆ ಬರೆದಾಗ ತಿದ್ದುವವರ ಕೈಯಲ್ಲಿರುವುದು ಅವರ ರುಚಿ ಮಾತ್ರ. ತಮ್ಮ ರುಚಿ ಕೊಟ್ಟವರಿಗೆ ಕವಿತೆಯೂ ಸ್ವಲ್ಪ ತಮ್ಮದೇ ಅನ್ನಿಸುತ್ತದೆ. ಅದು ದುರಾಸೆ ಅಲ್ಲ. ಅವರು ಅಷ್ಟು ಹತ್ತಿರ ಹೋಗಿ ಓದಿದ್ದಾರೆ ಅಂತ ಅರ್ಥ. "ಸೂಪರ್ ಸರ್", ಎರಡು ಗುಲಾಬಿ ಹೂವು, ಮೂರು ಚಪ್ಪಾಳೆ ಹಾಕಿ ಮುಂದೆ ಹೋಗುವವರ ನಡುವೆ ಇಂಥವರು ಸಿಗುವುದೇ ಅಪರೂಪ. ಈ ಮನುಷ್ಯರನ್ನು ಕಳೆದುಕೊಳ್ಳಬೇಡಿ.

ಹಾಗಾಗಿ ಮೊದಲು ಅವರಿಗೇ ಒಂದು ಮೆಸೇಜ್ ಮಾಡಿ. "ನಿಮ್ಮ ಹೆಸರು ಹಾಕಲಾ?" ಅಂತ ಕೇಳಿ. ಒಪ್ಪಿದರೆ ಕವಿತೆಯ ಕೆಳಗೆ "ಕೊನೆಯ ಸಾಲು ಕೊಟ್ಟವರು" ಅಂತ ಅವರ ಹೆಸರು ಬರೆಯಿರಿ. "ಸಲಹೆ ನೀಡಿದ ಎಲ್ಲರಿಗೂ ಧನ್ಯವಾದ" ಅಂತ ಗುಂಪಿನಲ್ಲಿ ಗೋವಿಂದ ಹಾಡಬೇಡಿ, ಅದು ಇನ್ನೂ ಸಿಟ್ಟು ಬರಿಸುತ್ತದೆ. ಮುಂದಿನ ಸಲ ಕವಿತೆ ಹಾಕುವಾಗಲೇ "ತಿದ್ದಬಹುದು" ಅಥವಾ "ಓದಿದರೆ ಸಾಕು" ಅಂತ ಬರೆದುಬಿಡಿ. ಎಲ್ಲರೂ ಸೇರಿ ಸಾಲಿಗೆ ಸಾಲು ಹೊಸೆಯುವ ಆಟವಾದರೆ ಎಲ್ಲರ ಹೆಸರೂ ಬರಬೇಕು, ಅದರಲ್ಲಿ ಮಾತೇ ಇಲ್ಲ.

ಆ ಕವಿತೆಯನ್ನು ಸ್ಪರ್ಧೆಗೆ ಕಳಿಸುವ ಯೋಚನೆ ಇದ್ದರೆ ಮಾತ್ರ ಸ್ವಲ್ಪ ನಿಲ್ಲಿ. "ಸ್ವರಚಿತ, ಅಪ್ರಕಟಿತ" ಅಂತ ಬರೆದುಕೊಡಲು ಬಹಳ ಕಡೆ ಕೇಳುತ್ತಾರೆ. ಮೊದಲನೆಯದಕ್ಕೆ ಸಹಿ ಹಾಕಲು ಕೈ ನಡುಗಿದರೆ ಕೊನೆಯ ಸಾಲನ್ನು ನೀವೇ ಹೊಸದಾಗಿ ಬರೆಯಿರಿ. ಎರಡನೆಯದಕ್ಕೆ ಆಯೋಜಕರನ್ನೇ ಕೇಳಬೇಕು. ಫೇಸ್‌ಬುಕ್ಕಿನಲ್ಲಿ ಹಾಕಿದ್ದನ್ನೂ ಪ್ರಕಟವಾಗಿದೆ ಅಂತಲೇ ಎಣಿಸುವವರಿದ್ದಾರೆ.